ಪಾಲಕರ ಸೇವೆಯೂ ವಿದ್ಯಾಶಾಲೆಯ ಕೃತಜ್ಞತೆಯೂ

ವಿದ್ಯಾಶಾಲೆಯೊಂದರ ಚರಿತ್ರೆಯನ್ನು ಬರೆಯಲು ತೊಡಗಿದವರು ಸ್ಥಾಪಕರ ನಾಮಸ್ಮರಣೆಯಿಂದ ಆರಂಭಿಸಿ, ಉಪಾಧ್ಯಾಯರ ಪಾಂಡಿತ್ಯವನ್ನು ಬಣ್ಣಿಸಿ, ದಾನಿಗಳ ಪಟ್ಟಿಯನ್ನು ಕೊಟ್ಟು, ಕೀರ್ತಿವಂತರಾದ ವಿದ್ಯಾರ್ಥಿಗಳ ಹೆಸರುಗಳೊಡನೆ ಮುಗಿಸುವುದು ವಾಡಿಕೆಯಾಗಿದೆ. ಈ ನಾಲ್ಕು ವರ್ಗದವರ ಹಿಂದೆ ಐದನೆಯದೊಂದು ವರ್ಗವು ಸದಾಕಾಲವೂ ಇದ್ದಿತು. ಶಾಲೆಯ ಗೋಡೆಗೆ ಮಣ್ಣು ಕಲಸಿದವರು, ಮಾಳಿಗೆಗೆ ತೊಲೆ ಹೊತ್ತವರು, ಸುಗ್ಗಿಯಲ್ಲಿ ಜೋಳದ ಚೀಲವನ್ನು ಬಂಡಿಗೇರಿಸಿ ತಂದವರು, ನೀರು ಸೇದಿದವರು, ನೆಲ ಸಾರಿಸಿದವರು, ಹಬ್ಬದ ದಿನ ಬೇಯಿಸಿ ಬಡಿಸಿದವರು. ಇವರು ಬೇರೆ ಯಾರೂ ಅಲ್ಲ. ಅಲ್ಲಿ ಅಕ್ಷರ ಕಲಿಯಲೆಂದು ಕುಳಿತ ಮಕ್ಕಳ ತಂದೆತಾಯಿಗಳೇ. ಇವರ ಕೆಲಸಕ್ಕೆ ಸಂಬಳವಿಲ್ಲ, ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿಲ್ಲ, ಕಲ್ಲಿನ ಮೇಲೆ ಕೊರೆಯಿಸಲು ಮೊಬಲಗೂ ಇಲ್ಲ. ಇಂತಹವರಿಗೆ ಶಾಲೆಯು ತನ್ನ ಉಪಕಾರಸ್ಮರಣೆಯನ್ನು ಯಾವ ಕಾಲದಲ್ಲಿ ಯಾವ ಬಗೆಯಾಗಿ ಸಲ್ಲಿಸಿತು, ಎಲ್ಲಿ ಸಲ್ಲಿಸದೆ ಹೋಯಿತು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಶರಣಮಾರ್ಗದಲ್ಲಿ ನಡೆಯುವ ಭಕ್ತರಿಗೆ ಇಲ್ಲಿಯೇ ಒಂದು ಸಂದೇಹವುಂಟಾಗುವುದು ಸಹಜ. ಮಾಡಿದೆನೆಂಬ ಭಾವವು ಮನದಲ್ಲಿ ಹೊಳೆಯದಂತೆ ಮಾಡುವುದೇ ದಾಸೋಹ. ಹಾಗಿರುವಲ್ಲಿ ಮಾಡಿದವರನ್ನು ಸಭೆಗೆ ಕರೆದು ಕೊಂಡಾಡಿದರೆ ಅವರ ಸೇವೆಯ ಶುಚಿಗೆ ಕಲೆ ತಗುಲುವುದಿಲ್ಲವೇ? ಈ ಸಂದೇಹವು ಗೌರವಯೋಗ್ಯವಾದುದು. ಆದರೆ ಇದು ಅನೇಕ ಸಂಸ್ಥೆಗಳಿಗೆ ಅನುಕೂಲವಾದ ನೆವವಾಗಿಯೂ ಪರಿಣಮಿಸಿದೆಯೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಮಾಡಿದುದನ್ನು ಮರೆಯುವ ವ್ರತವು ಮಾಡಿದವನಿಗೆ ಸೇರಿದುದು. ಪಡೆದವನು ಅದೇ ವ್ರತವನ್ನು ತಾನು ಹಿಡಿದೆನೆಂದರೆ ಅದಕ್ಕೆ ಲೋಕದಲ್ಲಿ ಬೇರೆ ಹೆಸರಿದೆ. ಜಂಗಮವು ಭಿಕ್ಷೆಯನ್ನು ಸ್ವೀಕರಿಸಿ ಹರಸದೆ ಮುಂದೆ ಹೋಗುವ ಪದ್ಧತಿಯು ಈ ನಾಡಿನಲ್ಲಿ ಎಂದೂ ಇರಲಿಲ್ಲವಷ್ಟೆ.

ಪೂರ್ವದಲ್ಲಿ ಕನ್ನಡ ನಾಡಿನ ಊರೂರುಗಳಲ್ಲಿಯೂ ಶಾಲೆಗೆ ಮಠವೆಂಬ ಹೆಸರೇ ಇದ್ದಿತು. ಐಗಳ ಮಠ, ಕೂಲಿಮಠ, ಸಾಲಿಮಠ ಎಂಬ ಮಾತುಗಳು ಇದಕ್ಕೆ ಸಾಕ್ಷಿ. ಸಾಲಿಮಠವೆಂಬುದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಗುಡಿಯ ಪೌಳಿ, ಮಠದ ಹಜಾರ, ಅನುಕೂಲಸ್ಥರ ಪಡಸಾಲೆ, ಇವೇ ಶಾಲೆಯ ಕಟ್ಟಡಗಳು. ಐಗಳಿಗೆ ಸರಕಾರದ ಖಜಾನೆಯಿಂದ ಕಾಸೂ ಬರುತ್ತಿರಲಿಲ್ಲ. ಕಾಳು, ಬೆಲ್ಲ, ಸೌದೆ, ಹಬ್ಬಕ್ಕೊಂದು ಧೋತರ, ಕೂಡಿದಷ್ಟು ದುಡ್ಡು, ಹೀಗೆ ಮಕ್ಕಳ ಮನೆಗಳೇ ಅವರನ್ನು ಸಾಕುತ್ತಿದ್ದುವು. ಆ ಕಾಲದಲ್ಲಿ ಪಾಲಕನು ಶಾಲೆಗೆ ನೆರವಾಗುವವನೆಂದು ಹೇಳುವುದಕ್ಕಿಂತ ಪಾಲಕರ ಮನೆಗಳ ಕೂಟವೇ ಶಾಲೆಯಾಗಿದ್ದಿತೆಂದು ಹೇಳುವುದು ನಿಜಕ್ಕೆ ಹತ್ತಿರವಾದೀತು.

ಈ ವ್ಯವಸ್ಥೆಯ ಸ್ವರೂಪವನ್ನು ಅರಿಯಲು ಬಳ್ಳಾರಿ ಜಿಲ್ಲೆಯ ಒಂದು ದಾಖಲೆಯು ಬಹಳ ಉಪಯುಕ್ತವಾಗಿದೆ. ಮದ್ರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರ ಜೂನ್ 25ರಂದು ತನ್ನ ಅಧಿಪತ್ಯದಲ್ಲಿದ್ದ ಎಲ್ಲ ಜಿಲ್ಲೆಗಳ ಶಾಲೆಗಳನ್ನು ಎಣಿಸಿ ವರದಿ ಮಾಡಬೇಕೆಂದು ಸೂಚಿಸಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು 1823ರ ಆಗಸ್ಟ್ 17ರಂದು ಉತ್ತರವನ್ನು ಬರೆದನು. ಉಳಿದ ಅನೇಕ ಕಲೆಕ್ಟರರು ಅಂಕಿಗಳನ್ನು ಮಾತ್ರ ಕಳುಹಿಸಿ ಕೈತೊಳೆದುಕೊಂಡರೆ, ಈತನು ಶಾಲೆಯ ಒಳಹೊಕ್ಕು ಕಂಡವನಂತೆ ವಿವರಿಸಿದ್ದಾನೆ. ಜಿಲ್ಲೆಯ 9,27,857 ಜನರಿಗೆ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಬ್ರಾಹ್ಮಣರು ಮಾತ್ರ ಸಂಸ್ಕೃತದಲ್ಲಿ ಓದುವಂತಹವು 23. ಓದುವ ಮಕ್ಕಳು ಒಟ್ಟು 6,641. ಎಂದರೆ ಶಾಲೆಯೊಂದಕ್ಕೆ ಸುಮಾರು 12 ಮಕ್ಕಳು. ಜನಸಂಖ್ಯೆಯ ಸಾವಿರಕ್ಕೆ ಸುಮಾರು 7 ಮಂದಿ.

ಮಗುವಿಗೆ ಐದು ವರ್ಷ ತುಂಬಿದಾಗ ನಡೆಯುತ್ತಿದ್ದ ವಿಧಿಯನ್ನು ಕ್ಯಾಂಬೆಲ್ಲನು ಹೀಗೆ ತಿಳಿಸುತ್ತಾನೆ. ಶಾಲೆಯ ಗುರುವೂ ಅವನ ವಿದ್ಯಾರ್ಥಿಗಳೂ ಆ ಮಗುವಿನ ಮನೆಗೆ ಹೋಗುವರು. ಗಣಪತಿಯ ಮೂರ್ತಿಯ ಸುತ್ತ ಎಲ್ಲರೂ ಕುಳಿತಿರಲು, ಮಗುವನ್ನು ಮೂರ್ತಿಯ ಎದುರಿಗೆ ಕೂರಿಸಿ, ಗುರುವು ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಅಕ್ಷರಗಳನ್ನು ಬರೆಯಿಸುವನು. ಮನೆಯವರು ಶಕ್ತ್ಯನುಸಾರ ಕಾಣಿಕೆಯನ್ನಿತ್ತು ಗುರುವನ್ನು ಬೀಳ್ಕೊಡುವರು. ಮರುದಿನ ಮಗುವು ಶಾಲೆಗೆ ಹೋಗುವುದು.

ಇದರಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಮಗುವು ಶಾಲೆಯ ಹೊಸ್ತಿಲನ್ನು ತುಳಿಯುವ ಮೊದಲು ಶಾಲೆಯೇ ಮನೆಯ ಹೊಸ್ತಿಲನ್ನು ತುಳಿಯುತ್ತಿದ್ದಿತು. ತಾಯಿ ಅಳೆದು ಕೊಟ್ಟ ಅಕ್ಕಿಯೇ ಮೊದಲನೆಯ ಹಲಗೆಯಾಗುತ್ತಿದ್ದಿತು. ಕೃತಜ್ಞತೆಯೆಂಬ ಮಾತನ್ನು ಅಲ್ಲಿ ಯಾರೂ ಉಚ್ಚರಿಸುತ್ತಿರಲಿಲ್ಲ. ಗುರುವು ತಾನಾಗಿ ನಡೆದು ಬಂದುದರಲ್ಲಿಯೇ ಆ ಮನೆಗೆ ಮನ್ನಣೆಯಿದ್ದಿತು. ಇಂದಿನ ದಿನ ಪಾಲಕನು ಮಗುವಿನ ಪ್ರವೇಶಕ್ಕಾಗಿ ಬಾಗಿಲಲ್ಲಿ ಸರದಿ ನಿಂತಿರುವುದನ್ನು ಕಾಣುವವರಿಗೆ ಈ ಎರಡು ದೃಶ್ಯಗಳ ಅಂತರವು ತಾನೇ ತೋರುವುದು.

ಅದೇ ವರದಿಯಲ್ಲಿ ಮತ್ತೊಂದು ಸ್ವಾರಸ್ಯವುಂಟು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ಆಮೇಲೆ ಬಂದವರಿಗೆ ಏರುತ್ತ ಹೋಗುವ ಏಟುಗಳು. ಅಂಗೈಯಲ್ಲಿ ಸರಸ್ವತಿಯನ್ನು ಹೊತ್ತು ಬಂದ ಮಗನ ತಾಯಿಯು ಕೋಳಿ ಕೂಗುವ ಮೊದಲೇ ಎದ್ದಿರಬೇಕೆಂಬುದನ್ನು ಹೇಳಬೇಕೇ? ಲಿಂಗವಂತರ ಮಕ್ಕಳು ಆ ಶಾಲೆಗಳಲ್ಲಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಮೊದಲಾದ ಗ್ರಂಥಗಳನ್ನು ಓದುತ್ತಿದ್ದರೆಂದೂ ಕ್ಯಾಂಬೆಲ್ಲನು ದಾಖಲಿಸಿರುವನು. ಅವು ಅಚ್ಚಿನ ಪುಸ್ತಕಗಳ ದಿನಗಳಲ್ಲ. ಓಲೆಗರಿಯ ಕಟ್ಟಾಗಲಿ ಬರೆದ ಕಡತವಾಗಲಿ ಯಾವುದೋ ಮನೆಯಿಂದಲೋ ಮಠದಿಂದಲೋ ಬರಬೇಕಾಗಿದ್ದಿತು.

ಆ ಕಾಲದ ಶಾಲೆಯು ಮನೆಗಳಿಗೆ ಬಹಿರಂಗವಾಗಿ ಹರಕೆಯನ್ನು ಸಲ್ಲಿಸುತ್ತಿದ್ದ ಸಂದರ್ಭವೆಂದರೆ ಮಹಾನವಮಿ. ಐಗಳು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕೈಗೆ ಬಣ್ಣದ ಕೋಲುಗಳನ್ನು ಕೊಟ್ಟು, ಕಲಿಸಿದ ಪದಗಳನ್ನು ಹಾಡಿಸುತ್ತ ಮನೆಯಿಂದ ಮನೆಗೆ ಕರೆದೊಯ್ಯುತ್ತಿದ್ದರು. ಕೆಲವು ಸೀಮೆಗಳಲ್ಲಿ ಈ ಪದಗಳಿಗೆ ಚೌಪದವೆಂದು ಹೆಸರು. ಮನೆಯೊಡೆಯನಿಗೆ ಶುಭವಾಗಲಿ, ಬೆಳೆ ಬರಲಿ, ತೊಟ್ಟಿಲು ತೂಗಲಿ ಎಂದು ಹರಸಿ ನಿಂತ ಮಕ್ಕಳಿಗೆ ಮನೆಯವರು ತಿಂಡಿಯನ್ನೂ ಗುರುವಿಗೆ ಕಾಣಿಕೆಯನ್ನೂ ಕೊಡುತ್ತಿದ್ದರು. ಇದನ್ನು ಗುರುವಿನ ವಾರ್ಷಿಕ ವಸೂಲಿಯೆಂದು ಹಗುರವಾಗಿ ಕಂಡವರೂ ಉಂಟು. ವಸೂಲಿಯು ಅದರಲ್ಲಿದ್ದುದು ನಿಜವೇ. ಆದರೂ ವರ್ಷವೆಲ್ಲ ತಾನು ಉಂಡ ಮನೆಯ ಅಂಗಳದಲ್ಲಿ ನಿಂತು, ಆ ಮನೆಯ ಮಗನ ಬಾಯಿಂದಲೇ ಆ ಮನೆಯನ್ನು ಹರಸುವ ಕ್ರಮಕ್ಕಿಂತ ಸಹಜವಾದ ಮನ್ನಣೆಯು ಆಮೇಲಿನ ಶಾಲೆಗಳಿಗೆ ಹೊಳೆಯಲಿಲ್ಲ.

ಹಳೆಯ ವ್ಯವಸ್ಥೆಯನ್ನು ಹೊಗಳುತ್ತ ಅದರ ಬಾಗಿಲಿನ ಹೊರಗೆ ನಿಂತವರನ್ನು ಮರೆಯಲಾಗದು. ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹುಡುಗಿಯರು 60 ಮಂದಿ ಮಾತ್ರ. ಮಧ್ಯಮ ಮತ್ತು ಕೆಳವರ್ಗಗಳ ಬಹುಪಾಲು ಜನರಿಗೆ ಮಕ್ಕಳ ಓದಿನ ವೆಚ್ಚವನ್ನು ಭರಿಸುವ ಶಕ್ತಿಯಿಲ್ಲವೆಂದೂ, ಎಳೆಯ ಕೈಕಾಲುಗಳಿಗೆ ಕೊಂಚ ಬಲ ಬಂದೊಡನೆ ಅವುಗಳ ದುಡಿಮೆಯೂ ಮನೆಗೆ ಬೇಕಾಗುತ್ತದೆಯೆಂದೂ ಕ್ಯಾಂಬೆಲ್ಲನೇ ಬರೆದಿದ್ದಾನೆ. ಕೊಡಬಲ್ಲವರ ಮನೆಗೆ ಗುರು ನಡೆದು ಹೋದನು. ಕೊಡಲಾರದವರ ಕೇರಿಗೆ ಹೋಗಲಿಲ್ಲ.

ಮುಂದೆ ಕಾಲವು ಬದಲಾಯಿತು. 1854ರ ವುಡ್ಡನ ಶಿಕ್ಷಣಪತ್ರದ ತರುವಾಯ ಸರಕಾರದ ವಿದ್ಯಾ ಇಲಾಖೆಗಳು ಹುಟ್ಟಿದುವು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳು ಬೇರೂರುವಂತೆ ಡೆಪ್ಯುಟಿ ಚೆನ್ನಬಸಪ್ಪನವರು (1834–1881) ದುಡಿದರು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆಯು 1868ರಲ್ಲಿ ಬಂದಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವು ಬಂದಿತು. ಇವುಗಳಿಂದಾದ ಉಪಕಾರವು ಅಪಾರ. ಉಪಾಧ್ಯಾಯರಿಗೆ ತಿಂಗಳು ತಿಂಗಳಿಗೆ ಸಂಬಳವೂ, ಮಕ್ಕಳಿಗೆ ಅಚ್ಚಿನ ಪುಸ್ತಕವೂ, ಬಡವರಿಗೆ ಬಾಗಿಲೂ ದೊರೆತುವು. ಆದರೆ ಗುರುವಿನ ಅನ್ನವು ಖಜಾನೆಯಿಂದ ಬರತೊಡಗಿದಾಗ ಅವನ ಕಣ್ಣು ಊರನ್ನು ಬಿಟ್ಟು ಕಚೇರಿಯ ಕಡೆಗೆ ತಿರುಗಿತು. ಇನ್‌ಸ್ಪೆಕ್ಟರರು ಬರುವ ದಿನ ತೋರಣ ಕಟ್ಟುವ ಶಾಲೆಯು ಪಾಲಕನು ಬರುವ ದಿನ ಬೆಂಚನ್ನೂ ಎಳೆಯದಾಯಿತು. ಕಡ್ಡಾಯದ ನಿಯಮವೆಂದರೆ ಪಾಲಕನ ಮೇಲೆ ಕರ್ತವ್ಯವನ್ನು ಹೊರಿಸುವ ನಿಯಮ. ಅದರ ಕಾಗದಗಳಲ್ಲಿ ಅವನು ಜವಾಬು ಹೇಳಬೇಕಾದವನೇ ಹೊರತು ಉಪಕರಿಸಿದವನಲ್ಲ. ಹಾಗಿದ್ದರೂ ಹಳ್ಳಿಯ ಶಾಲೆಗೆ ಜಾಗ ಬೇಕಾದಾಗ ಚಾವಡಿಯನ್ನು ತೆರವು ಮಾಡಿಕೊಟ್ಟವರೂ, ಮಳೆಗೆ ಗೋಡೆ ಬಿದ್ದರೆ ಮತ್ತೆ ಎತ್ತಿದವರೂ ಊರವರೇ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಿಂಗವಂತ ಸಮಾಜದಲ್ಲುಂಟಾದ ವಿದ್ಯಾಜಾಗೃತಿಯು ಈ ಸಂಬಂಧಕ್ಕೆ ಹೊಸ ರೂಪವನ್ನು ಕೊಟ್ಟಿತು. ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ವೀರಶೈವ ಮಹಾಸಭೆಯು ಧಾರವಾಡದಲ್ಲಿ ಕೂಡಿತು. ಅದರ ಅಧ್ಯಕ್ಷತೆಯನ್ನು ವಹಿಸಿದ ಸಿರಸಂಗಿಯ ಲಿಂಗರಾಜ ದೇಸಾಯರು (1861–1906) ತಮ್ಮ ಸಂಸ್ಥಾನದ ಸ್ವತ್ತನ್ನು ವಿದ್ಯಾರ್ಥಿಗಳ ಓದಿಗಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ಸ್ವಂತ ಸಂತಾನವಿಲ್ಲದ ಆ ಮಹನೀಯರು ಹೀಗೆ ಸಾವಿರಾರು ಮಕ್ಕಳ ಪಾಲಕರಾದರು. ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಏಳು ಜನ ತರುಣ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತನ್ನ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ತನ್ನ ಪ್ರೌಢಶಾಲೆಯ ಹೆಸರಿನಲ್ಲಿ ಅರಟಾಳ ರುದ್ರಗೌಡರನ್ನು ನೆನೆಯಿತು. ಹೆಸರಿಡುವುದು ಉಚಿತವಾದ ಋಣಸಂದಾಯವೇ ಸರಿ. ಆದರೆ ಸಾವಿರ ರೂಪಾಯಿಗೆ ಸಲ್ಲುವ ಕಲ್ಲು ಸೇರು ಜೋಳಕ್ಕೆ ಸಲ್ಲುವುದಿಲ್ಲ. ಕಲ್ಲಿನ ಅಳತೆಯು ಮೊಬಲಗಿನ ಅಳತೆ. ಸೇರು ಜೋಳವನ್ನು ಕೊಟ್ಟವಳು ತನ್ನ ಮನೆಯ ಎಷ್ಟನೆಯ ಪಾಲನ್ನು ಕೊಟ್ಟಳೆಂಬುದನ್ನು ಕಲ್ಲು ಕೇಳುವುದಿಲ್ಲ.

1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವು ಸ್ಥಾಪಿತವಾದಾಗ ಊರೂರಿನ ಮನೆಗಳು ಕೊಟ್ಟುದು ಕಾಳುಕಡಿಯನ್ನಷ್ಟೇ ಅಲ್ಲ. ವಟುಗಳಾಗಿ ಬಂದ ಬಾಲಕರು ಯಾರದೋ ತೊಡೆಯಿಂದ ಎದ್ದು ಬಂದವರು. ಮಗನು ಮಠಕ್ಕೆ ಸಂದಮೇಲೆ ಪೂರ್ವಾಶ್ರಮದ ಮಾತನ್ನೆತ್ತಬಾರದೆಂಬ ಸಂಪ್ರದಾಯವು ತನ್ನ ಸ್ಥಾನದಲ್ಲಿ ಯುಕ್ತವಾದುದೇ; ಆ ಸಂಪ್ರದಾಯದ ಭಾರವನ್ನು ಮೌನವಾಗಿ ಹೊತ್ತವಳು ಮಾತ್ರ ಹಳ್ಳಿಯಲ್ಲಿ ಉಳಿದ ತಾಯಿ. ಮಠಗಳ ಚರಿತ್ರೆಗಳಲ್ಲಿ ಗುರುಪರಂಪರೆಯು ವಿಸ್ತಾರವಾಗಿ ಬಂದಿದೆ. ಆ ಪರಂಪರೆಗೆ ಮಕ್ಕಳನ್ನು ಒಪ್ಪಿಸಿದ ಮನೆಗಳ ಪರಂಪರೆಯು ಎರಡು ಸಾಲಿನಲ್ಲಿ ಮುಗಿಯುತ್ತದೆ.

ವಿದ್ಯಾರ್ಥಿಗಳ ಪ್ರಸಾದನಿಲಯಗಳು ಬೆಳೆದ ಬಗೆಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ಮೊದಲು ಪರವೂರಿನಲ್ಲಿ ಓದುವ ಬಡ ಹುಡುಗನಿಗೆ ವಾರಾನ್ನವೇ ಗತಿಯಾಗಿದ್ದಿತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಪರರ ಮಗನಿಗೆ ತಮ್ಮ ಮಗನ ಪಕ್ಕದಲ್ಲಿ ಎಡೆ ಹಾಕಿದ ಆ ತಾಯಂದಿರು ಯಾವ ಸಂಸ್ಥೆಯ ಸದಸ್ಯರೂ ಆಗಿರಲಿಲ್ಲ. ಮಠಗಳು ಆ ಚದುರಿದ ಎಡೆಗಳನ್ನು ಒಂದೆಡೆಗೆ ತಂದುವು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆಯು ಆರಂಭವಾಯಿತು. 1930ರಲ್ಲಿ ನಿರಂಜನ ದೀಕ್ಷೆಯನ್ನು ಪಡೆದು 1941ರಲ್ಲಿ ಮಠದ ಭಾರವನ್ನು ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಭಿಕ್ಷೆಗೆ ತೆರಳಿ ಕಾಳನ್ನು ಸಂಗ್ರಹಿಸಿ ಮಕ್ಕಳಿಗೆ ಉಣಿಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆಯು ಸುಮಾರು ಹತ್ತು ಸಾವಿರಕ್ಕೆ ಮುಟ್ಟಿದ್ದಿತು. ಮಗನನ್ನು ಕಾಣಲು ಊರಿಂದ ಬಂದ ರೈತನಿಗೂ, ಗಾಡಿಯಿಂದ ಚೀಲವನ್ನಿಳಿಸಿದವನಿಗೂ ಸ್ವಾಮಿಗಳು ಮೊದಲು ಕೇಳುತ್ತಿದ್ದುದು ಪ್ರಸಾದವಾಯಿತೇ ಎಂಬುದನ್ನು. ಅಲ್ಲಿ ತಂದೆಯು ಕುಳಿತ ಪಂಕ್ತಿಯೂ ಮಗನು ಕುಳಿತ ಪಂಕ್ತಿಯೂ ಒಂದೇ. ತಾನು ಸುಗ್ಗಿಯಲ್ಲಿ ಕೊಟ್ಟ ರಾಗಿಯೇ ಮುದ್ದೆಯಾಗಿ ತನ್ನ ಎಡೆಗೆ ಬಂದುದನ್ನು ಅವನು ಕಾಣುತ್ತಿದ್ದನು. ಅಭಿನಂದನಪತ್ರವನ್ನು ಓದಲಾರದವನಿಗೂ ಈ ಮನ್ನಣೆಯು ಅರ್ಥವಾಗುತ್ತಿದ್ದಿತು.

ಉತ್ತರದ ಸೀಮೆಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿಗಳನ್ನು ಬಡಿದು, ಒಣಗಿಸಿ, ಬಂಡಿ ಟ್ರ್ಯಾಕ್ಟರುಗಳಲ್ಲಿ ಕಳುಹಿಸುವುದನ್ನು ಕಂಡವರು ಮರೆಯಲಾರರು. ಅದೇ ಮಠದ ವಸತಿನಿಲಯಗಳಲ್ಲಿ ಸಾವಿರಾರು ಬಡಮಕ್ಕಳು ಓದುತ್ತಿದ್ದಾರೆ. ಯಾವ ರೊಟ್ಟಿ ಯಾರ ಕೈಯದೆಂಬುದು ರಾಶಿಯಲ್ಲಿ ತಿಳಿಯದು. ಬಂಡಿಯು ಬಂದಾಗ ಊರಿನ ಹೆಸರನ್ನು ಕೂಗಿ ಹೇಳುವುದುಂಟು; ಅಷ್ಟರಿಂದಲೇ ಆ ಊರಿಗೆಲ್ಲ ಸಂತೋಷ.

ಒಂದೇ ಪಂಕ್ತಿಯ ಮಾತು ಬಂದುದರಿಂದ ಕಡಲಾಚೆಯ ಒಂದು ವೃತ್ತಾಂತವನ್ನು ಇಲ್ಲಿ ಸೇರಿಸುವುದು ಅನುಚಿತವಾಗದು. ಅಮೆರಿಕೆಯ ವಾಷಿಂಗ್ಟನ್ ನಗರದಲ್ಲಿ 1897ರ ಫೆಬ್ರುವರಿ 17ರಂದು ಆಲಿಸ್ ಮ್ಯಾಕ್ಲೆಲನ್ ಬರ್ನಿ, ಫೀಬಿ ಅಪರ್ಸನ್ ಹರ್ಸ್ಟ್ ಎಂಬಿಬ್ಬರು ಮಹಿಳೆಯರು ತಾಯಂದಿರ ಮಹಾಸಭೆಯೊಂದನ್ನು ಕೂಡಿಸಿದರು. ಅದು ಬೆಳೆದು ಪಾಲಕ-ಶಿಕ್ಷಕ ಸಂಘವಾಗಿ ಆ ದೇಶದ ಊರೂರಿನ ಶಾಲೆಗಳನ್ನು ಮುಟ್ಟಿತು. ಅನೇಕ ಕಡೆ ಶಾಲೆಯಲ್ಲಿ ಬಿಸಿ ಊಟವನ್ನು ಮೊದಲು ಬಡಿಸಿದವರು ಇಂತಹ ಸಂಘಗಳ ತಾಯಂದಿರೇ. 1910ರಿಂದ ಫೆಬ್ರುವರಿ 17ನ್ನು ಸಂಸ್ಥಾಪಕರ ದಿನವೆಂದು ಆಚರಿಸಿ, ಪಾಲಕರ ಸೇವೆಯನ್ನು ನೆನೆಯುವ ಪದ್ಧತಿಯೂ ಅಲ್ಲಿ ಬಂದಿತು. ಆದರೆ ಕರಿಯರ ಮಕ್ಕಳಿಗೆ ಬೇರೆ ಶಾಲೆಗಳಿದ್ದ ರಾಜ್ಯಗಳಲ್ಲಿ ಅವರ ತಾಯಂದಿರಿಗೆ ಈ ಸಂಘದಲ್ಲಿ ಎಡೆಯಿರಲಿಲ್ಲ. ಆದಕಾರಣ ಸೆಲೀನಾ ಸ್ಲೋನ್ ಬಟ್ಲರ್ ಎಂಬವರು 1926ರಲ್ಲಿ ಅಟ್ಲಾಂಟಾ ನಗರದಲ್ಲಿ ಕರಿಯ ಪಾಲಕರಿಗಾಗಿಯೇ ಬೇರೊಂದು ಮಹಾಸಭೆಯನ್ನು ಕಟ್ಟಿದರು. ಎರಡೂ ಒಂದಾದುದು 1970ರಲ್ಲಿ. ಸೇವೆಯು ಒಂದೇ ಬಗೆಯದು, ಮಕ್ಕಳ ಹಸಿವೆಯು ಒಂದೇ ಬಗೆಯದು. ಕೃತಜ್ಞತೆಯ ಪಂಕ್ತಿ ಮಾತ್ರ 44 ವರ್ಷ ಎರಡಾಗಿದ್ದಿತು.

ಇದನ್ನು ಓದಿ ಪರದೇಶವನ್ನು ನಿಂದಿಸುವವರು ಸ್ವಂತ ಅಂಗಳವನ್ನೂ ನೋಡತಕ್ಕುದು. ಭಾರತ ಸರಕಾರವು 1995ರ ಆಗಸ್ಟ್ 15ರಿಂದ ಶಾಲಾಮಕ್ಕಳ ಆಹಾರಕ್ಕಾಗಿ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಕಾಳನ್ನು ಹಂಚುವುದರ ಬದಲು ಬೇಯಿಸಿದ ಊಟವನ್ನೇ ಬಡಿಸಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಜ್ಞಾಪಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ, ಬಳಿಕ ರಾಜ್ಯವನ್ನೆಲ್ಲ ವ್ಯಾಪಿಸಿದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಾಯಿತು. ಕಲ್ಯಾಣದ ಮಾತೊಂದು ಸರಕಾರದ ಕಡತವನ್ನು ಸೇರಿದುದು ಶರಣಬಂಧುಗಳಿಗೆ ಅಭಿಮಾನದ ಸಂಗತಿ. ಒಲೆಯ ಮುಂದೆ ಕುಳಿತವರು ಬಹುಮಟ್ಟಿಗೆ ಅದೇ ಊರಿನ ಬಡ ಹೆಣ್ಣುಮಕ್ಕಳು. ಅವರಿಗೆ ಸಲ್ಲುವುದು ಅಲ್ಪವಾದ ಗೌರವಧನ. ಇಂತಹ ಒಲೆಯ ಮುಂದೆ ದಲಿತ ಮಹಿಳೆಯು ನಿಂತುದಕ್ಕಾಗಿ, ಆ ಅನ್ನವು ತಮ್ಮ ಮಕ್ಕಳಿಗೆ ಬೇಡವೆಂದು ಕೆಲವು ಪಾಲಕರೇ ಹೇಳಿದ ಪ್ರಸಂಗಗಳು ಈ ನಾಡಿನಿಂದಲೂ ವರದಿಯಾದುವು. ದಾಸೋಹವೆಂಬ ಹೆಸರನ್ನು ಹೊತ್ತ ಪಾತ್ರೆಯ ಎದುರಿನಲ್ಲಿ ಹೀಗೆ ನಡೆದುದನ್ನು ಮಠದ ಭಕ್ತರು ನಾಚಿಕೆಯಿಂದಲೇ ಕೇಳಬೇಕಾಗಿದೆ. ಅನ್ನವನ್ನು ಬೇಯಿಸಿದವಳಿಗೆ ಕೃತಜ್ಞತೆಯೆಂದರೆ ಮೊದಲು ಆ ಅನ್ನವನ್ನು ಉಣ್ಣುವುದು. ಹಾರವೂ ಶಾಲೂ ಆಮೇಲಿನ ಮಾತು.

ಪಾಲಕರನ್ನು ಆಲೋಚನೆಯ ಚಾವಡಿಗೆ ಕರೆದುದು ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. 1994ರಿಂದ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ನಡೆದ ಪ್ರಾಥಮಿಕ ಶಿಕ್ಷಣದ ಯೋಜನೆಯಲ್ಲಿ ಗ್ರಾಮ ಶಿಕ್ಷಣ ಸಮಿತಿಗಳಿದ್ದುವು. ತರುವಾಯ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವು ಪ್ರತಿಯೊಂದು ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ವಿಧಿಸಿತು. ಓದುವ ಮಕ್ಕಳ ಪಾಲಕರೇ ಕೂಡಿ ತಮ್ಮೊಳಗಿಂದ ಪ್ರತಿನಿಧಿಗಳನ್ನು ಆರಿಸುವ ಕ್ರಮವು ಬಂದುದು ಇದರಿಂದಲೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು (2009) ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕೆಂದೂ, ಸಮಿತಿಯ ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕೆಂದೂ, ಹಿಂದುಳಿಸಲ್ಪಟ್ಟವರ ಮಕ್ಕಳ ಪಾಲಕರಿಗೆ ಪ್ರಮಾಣಾನುಸಾರ ಸ್ಥಾನವಿರಬೇಕೆಂದೂ ವಿಧಿಸಿದೆ. ಶಾಲೆಯ ಕೆಲಸವನ್ನು ನೋಡಿಕೊಳ್ಳುವುದು, ಅದರ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಹಣದ ವಿನಿಯೋಗವನ್ನು ಗಮನಿಸುವುದು ಇವರ ಅಧಿಕಾರ. ಕೂಲಿಮಠದ ಕಾಲದಲ್ಲಿ ಪಾಲಕನು ಕೊಡುತ್ತಿದ್ದನು. ಇಲಾಖೆಯ ಕಾಲದಲ್ಲಿ ಕಟ್ಟುಪಾಡಿಗೆ ಒಳಪಟ್ಟನು. ಈಗ ಕೇಳುವ ಸ್ಥಾನವು ಅವನಿಗೂ, ಅದಕ್ಕಿಂತ ಹೆಚ್ಚಾಗಿ ಅವಳಿಗೂ ಬಂದಿದೆ. ಸಮುದಾಯದತ್ತ ಶಾಲೆಯೆಂಬ ಕಾರ್ಯಕ್ರಮದಲ್ಲಿ ಮಕ್ಕಳು ಕಲಿತುದನ್ನು ಊರವರ ಮುಂದೆ ತೋರಿಸುವ ಏರ್ಪಾಡು ನಡೆದಾಗ ಹಳೆಯ ಮಹಾನವಮಿಯ ನೆರಳು ಕೊಂಚ ಕಾಣಿಸುತ್ತದೆ, ಕೋಲುಗಳಿಲ್ಲದಿದ್ದರೂ.

ಕಾಯಿದೆಯು ಕೊಟ್ಟ ಸ್ಥಾನವು ಕುರ್ಚಿಯಾಗಿ ಪರಿಣಮಿಸುವುದು ಎಲ್ಲೆಡೆಯೂ ಒಂದೇ ತೆರನಲ್ಲ. ಸಭೆಯನ್ನು ಹಗಲು ಹನ್ನೊಂದು ಗಂಟೆಗೆ ಕರೆದರೆ ಕಳೆ ಕೀಳುವ ತಾಯಿಗೆ ಆ ದಿನದ ಕೂಲಿ ಹೋಗುವುದು. ಬಾರದವಳನ್ನು ಮಕ್ಕಳ ಓದಿನಲ್ಲಿ ಆಸ್ಥೆಯಿಲ್ಲದವಳೆಂದು ಬರೆದುಕೊಳ್ಳುವುದು ಸುಲಭ. ಎರಡು ಶತಮಾನಗಳ ಹಿಂದೆ ಕ್ಯಾಂಬೆಲ್ಲನು ಕಂಡ ಬಡತನವೇ ಇಂದಿಗೂ ಅವಳನ್ನು ಹೊಲದಲ್ಲಿ ಹಿಡಿದು ನಿಲ್ಲಿಸಿದೆಯೆಂಬುದು ಆ ಪುಸ್ತಕದಲ್ಲಿ ಬರೆಯಲ್ಪಡುವುದಿಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿಯೂ ಹೀಗೆಯೇ. ಫಲಪುಷ್ಪಗಳು, ಶಾಲು, ನೆನಪಿನ ಕಾಣಿಕೆ ಎಲ್ಲವೂ ಮುಂದಿನ ಸಾಲಿನವರಿಗೆ ಸಂದಮೇಲೆ, ಬೆಳಗ್ಗಿನಿಂದ ಅಂಗಳವನ್ನು ಗುಡಿಸಿ, ರಂಗೋಲಿ ಹಾಕಿ, ಪಾತ್ರೆ ತೊಳೆದ ಹೆಂಗಸರು ಚಪ್ಪರದ ಕಂಬದ ಬಳಿ ನಿಂತಿರುತ್ತಾರೆ. ವಂದನಾರ್ಪಣೆಯಲ್ಲಿ ಅವರಿಗೆ ಸಲ್ಲುವ ಮಾತು ಇತರರೆಲ್ಲರಿಗೂ ಎಂಬುದೊಂದೇ. ಇದನ್ನು ಸರಿಪಡಿಸಲು ಹಣವೇನೂ ಬೇಕಾದುದಿಲ್ಲ. ಸಭೆಯನ್ನು ಸಂಜೆಯ ದೀಪ ಹಚ್ಚುವ ಹೊತ್ತಿಗೆ ಕರೆದರೆ ಅರ್ಧ ಕೆಲಸವಾಯಿತು. ಉಪಾಧ್ಯಾಯರು ವರ್ಷಕ್ಕೊಮ್ಮೆ ಪ್ರತಿಯೊಂದು ಮನೆಯ ಹೊಸ್ತಿಲವರೆಗೆ ನಡೆದು ಹೋದರೆ ಉಳಿದರ್ಧವೂ ಆದಂತೆಯೇ. ಅಕ್ಕಿಯ ಮೇಲೆ ಅಕ್ಷರ ಬರೆಯಿಸಲು ಹೋಗುತ್ತಿದ್ದ ಐಗಳು ತಿಳಿದಿದ್ದ ದಾರಿಯೇ ಅದು.

ಬಳ್ಳಾರಿಯ 1823ರ ಕೋಷ್ಟಕದಲ್ಲಿ ಆ 60 ಹುಡುಗಿಯರು ಬರಿಯ ಸಂಖ್ಯೆಯಾಗಿ ಉಳಿದಿದ್ದಾರೆ. ಅವರನ್ನು ಶಾಲೆಗೆ ಕಳುಹಿಸಲು ಧೈರ್ಯ ಮಾಡಿದ ತಾಯಂದಿರು ಸಂಖ್ಯೆಯಾಗಿಯೂ ಇಲ್ಲ. ಇಂದು ಅದೇ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಸಮಿತಿಯ ನಡವಳಿಯ ಪುಸ್ತಕವನ್ನು ತೆರೆದರೆ, ಹಾಜರಿದ್ದವರ ಹೆಸರುಗಳ ಎದುರಿಗೆ ಕೆಲವು ರುಜುಗಳೂ ಕೆಲವು ಹೆಬ್ಬೆಟ್ಟಿನ ಗುರುತುಗಳೂ ಇರುತ್ತವೆ. ಅರ್ಧದಷ್ಟು ಹೆಸರುಗಳು ಹೆಂಗಸರವು.